ಪ್ರಶ್ನೆ ಮುಳುಗದ ಹಾಗೆ ಗ್ರೂಪ್ ನಡೆಸುವುದು ಹೇಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರ ಫೋನ್ ತೆರೆದರೆ ಒಂದಲ್ಲ ಒಂದು ಕೃಷಿ ಪ್ರಶ್ನೋತ್ತರದ ವಾಟ್ಸಾಪ್ ಗ್ರೂಪ್ ಕಾಣುತ್ತದೆ. ಮರದ ಫೋಟೊ ಹಾಕಿ ಒಬ್ಬರು ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ. ಕೃಷಿಭವನಕ್ಕೆ (ಸರಕಾರದ ಕೃಷಿ ಕಚೇರಿಗೆ) ಹೋಗಿ ಬರುವುದೆಂದರೆ ಅರ್ಧ ದಿನದ ಕೆಲಸ ಬಿಡಬೇಕಾದವರಿಗೆ ಇದು ದೊಡ್ಡ ಉಪಕಾರ. ಆದರೆ ಎಷ್ಟೋ ಗ್ರೂಪ್‌ಗಳು ಆರು ತಿಂಗಳಲ್ಲಿ ಸೊರಗುತ್ತವೆ. ಉತ್ತರ ಹೇಳುವ ಹಿರಿಯರು ಮೆಲ್ಲ ಮ್ಯೂಟ್ ಮಾಡುತ್ತಾರೆ. ಕಾರಣ ಎಲ್ಲರಿಗೂ ಗೊತ್ತು: ವಿಷಯಕ್ಕೆ ಸಂಬಂಧವಿಲ್ಲದ ಪೋಸ್ಟ್‌ಗಳು.

ಸುಮ್ನೆ ಒಂದು ಗುಡ್ ಮಾರ್ನಿಂಗ್ ಹಾಕಿದರೆ ಏನು ಗಂಟು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಹೋಗುತ್ತದೆ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಂದು ಸಲ, ಮತ್ತೆ 40–45 ದಿನ ಕಳೆದು ಇನ್ನೊಂದು ಸಲ ಬಿಡಬೇಕು, ಅಂದರೆ ಸಿಂಪಡಿಸಬೇಕು. ಎರಡನೇ ಸಲಕ್ಕೆ ಮಳೆ ಬಿಟ್ಟುಕೊಡುವುದು ಕೆಲವೇ ಗಂಟೆ. ಆ ಹೊತ್ತಿಗೆ ಒಬ್ಬರು, ‘ದ್ರಾವಣಕ್ಕೆ ಚಾಕು ಅದ್ದಿದೆ, ಕೆಂಪು ಕಟ್ಟಿದೆ, ಬಿಡಬಹುದಾ?’ ಎಂದು ಕೇಳಿರುತ್ತಾರೆ. ಉತ್ತರ ಒಂದೇ ಸಾಲು: ಬಿಡಬೇಡಿ, ಸುಣ್ಣ ಸಾಲದು, ಸುಣ್ಣದ ನೀರು ಸೇರಿಸಿ ಮತ್ತೆ ಚಾಕು ಅದ್ದಿ ನೋಡಿ. ಆ ಒಂದು ಸಾಲು ಬರುವ ಮೊದಲು ಪ್ರಶ್ನೆಯ ಮೇಲೆ ಹೂವಿನ ಚಿತ್ರಗಳು, ಒಂದು ಯಕ್ಷಗಾನದ ಆಮಂತ್ರಣ, ಒಂದು ರಾಜಕೀಯದ ವಿಡಿಯೊ ಬಂದು ಕೂರುತ್ತವೆ. ಗೊತ್ತಿದ್ದವರು ರಾತ್ರಿ ನೋಡುತ್ತಾರೆ. ಅಷ್ಟರಲ್ಲಿ ಮದ್ದು ಬಿಟ್ಟಾಗಿರುತ್ತದೆ.

ಹಾಗಾಗಿ ಯಾವುದೇ ಪೋಸ್ಟ್ ಮುಟ್ಟುವ ಮೊದಲು ಅಡ್ಮಿನ್ ಎರಡು ವಿಷಯ ನೋಡಿಕೊಳ್ಳಬೇಕು. ಇದರಿಂದ ಯಾರ ಪ್ರಶ್ನೆ ಮುಚ್ಚಿಹೋಗುತ್ತಿದೆ? ಇದನ್ನು ಹಾಕಿದವರಿಗೆ ಬೇಕಾದದ್ದು ಎಲ್ಲಿ ಸಿಗುತ್ತದೆ? ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ವಿಷಯ ಬಿಟ್ಟು ಕೇಳಿದವರು ತಪ್ಪಿತಸ್ಥರಲ್ಲ. ಅವರಿಗೂ ಏನೋ ಒಂದು ಅಗತ್ಯ ಇದೆ, ಕೇಳುವ ಜಾಗ ಮಾತ್ರ ಬೇರೆ.

ಮೊದಲ ಹೆಜ್ಜೆ: ಗಡಿಯನ್ನು ಉದಾಹರಣೆ ಕೊಟ್ಟು ಬರೆಯಿರಿ

‘ಕೃಷಿ ವಿಷಯ ಮಾತ್ರ ಹಾಕಿ’ ಎಂದು ಬರೆದರೆ ಸಾಲದು. ತಕರಾರು ಬರುವುದು ಯಾವಾಗಲೂ ಅಂಚಿನಲ್ಲಿ. ಅಡಿಕೆ ಮರಕ್ಕೆ ಹಬ್ಬಿಸಿದ ಕರಿಮೆಣಸಿನ ಬಳ್ಳಿ ಸೊರಗಿದರೆ ಇಲ್ಲಿ ಕೇಳಬಹುದಾ? ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಯಾವುದು ಒಳ್ಳೆಯದು ಎಂದು ಕೇಳಬಹುದಾ? ಹಳೆ ದೋಟಿ ಮಾರಾಟಕ್ಕಿದೆ ಎಂದು ಹಾಕಬಹುದಾ? ಕೊನೆಗಾರರು (ಅಡಿಕೆ ಕೊನೆ ಕೊಯ್ಯುವವರು) ಬೇಕಾಗಿದ್ದಾರೆ ಎಂದರೆ? ಸಬ್ಸಿಡಿಗೆ, ಜಾಗ ತಮ್ಮ ವಶದಲ್ಲಿದೆ ಎಂದು ತೋರಿಸುವ ಕೈವಶ ಹಕ್ಕುಪತ್ರ ಮಾಡಿಸುವುದು ಹೇಗೆ ಎಂದರೆ?

ಕೂತು ಒಂದೊಂದಕ್ಕೂ ಹೌದು, ಅಲ್ಲ ಎಂದು ತೀರ್ಮಾನ ಮಾಡಿ. ನನ್ನ ಅಭಿಪ್ರಾಯ ಹೇಳುವುದಾದರೆ, ತೋಟದೊಳಗಿನ ಬೆಳೆ ಎಲ್ಲ ಸೇರಲಿ. ಸಾಧನದ ಬಗ್ಗೆ ಅನುಭವ ಕೇಳುವುದು ಸೇರಲಿ, ಮಾರಾಟ ಬೇಡ. ಕೊನೆಗಾರರನ್ನು ಹುಡುಕುವುದು ನಿಜವಾದ ಕಷ್ಟ, ಅದಕ್ಕೆ ಬೇರೆಯೇ ಗ್ರೂಪ್ ಬೇಕು. ಸಬ್ಸಿಡಿಯ ಅರ್ಜಿ ಸೇರಲಿ. ಜಾಗದ ಪಾಲಿನ ತಕರಾರು ಬೇಡ. ಅಡಿಕೆಯ ಧಾರಣೆ ಮಾತ್ರ ದಿನಕ್ಕೆ ಒಂದೇ ಸಲ, ಒಬ್ಬರೇ ಹಾಕಲಿ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಕೋಕ ಎಂಬ ಎಲ್ಲ ಬಗೆಯ ಅಡಿಕೆಯ ರೇಟ್ ಒಂದೇ ಮೆಸೇಜಿನಲ್ಲಿ ಬರಲಿ. ಇಲ್ಲದಿದ್ದರೆ ಅಡಿಕೆ ಖರೀದಿಸುವ ಸಹಕಾರಿ ಸಂಸ್ಥೆಯ ಹೆಸರು ಹಿಡಿದು ‘ಇವತ್ತು ಕ್ಯಾಂಪ್ಕೊ ರೇಟ್ ಎಷ್ಟು’ ಎಂಬ ಪ್ರಶ್ನೆಯೇ ಗ್ರೂಪ್ ತುಂಬುತ್ತದೆ.

ತೀರ್ಮಾನವನ್ನು ಗ್ರೂಪ್ ಡಿಸ್ಕ್ರಿಪ್ಷನ್‌ನಲ್ಲಿ ಹತ್ತು ಸಾಲಿಗೆ ಮೀರದ ಹಾಗೆ ಬರೆಯಿರಿ. ವಾಟ್ಸಾಪ್‌ನಲ್ಲಿ ಒಂದು ಮೆಸೇಜನ್ನು 30 ದಿನದವರೆಗೆ ಪಿನ್ ಮಾಡಬಹುದು. ನಿಯಮವನ್ನು ಪಿನ್ ಮಾಡಿ, ಅವಧಿ ಮುಗಿದಾಗ ಮತ್ತೆ ಮಾಡಿ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮದು ಹಲವು ಭಾಷೆಯ ಊರು. ತುಳುವಿನಲ್ಲಿ, ಹವ್ಯಕ ಕನ್ನಡದಲ್ಲಿ, ಮಲಯಾಳದಲ್ಲಿ ಕೇಳಿದ ಮಾತ್ರಕ್ಕೆ ಪ್ರಶ್ನೆ ಹೊರಗಿನದಾಗುವುದಿಲ್ಲ. ವಿಷಯ ತೋಟದ್ದಾ ಎಂದು ಮಾತ್ರ ನೋಡಿ. ಕೃಷಿಭವನದ ಸುತ್ತೋಲೆ ಎಷ್ಟೋ ಸಲ ಮಲಯಾಳದಲ್ಲೇ ಬರುತ್ತದೆ. ಹಾಕಿದವರನ್ನು ಗದರುವ ಬದಲು, ಕೊನೆಯ ದಿನಾಂಕ ಯಾವುದು, ಯಾವ ಕಾಗದ ಬೇಕು ಎಂದು ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆಯಲು ಹೇಳಿ. ಆಗದಿದ್ದರೆ ನೀವೇ ಬರೆಯಿರಿ. ವಾಯ್ಸ್ ಮೆಸೇಜ್‌ಗೂ ಇದೇ ಮಾತು. ವಯಸ್ಸಾದವರಿಗೆ ಟೈಪ್ ಮಾಡುವುದು ಕಷ್ಟ, ಅವರು ಮಾತಾಡಿಯೇ ಹಾಕಲಿ. ಕೆಳಗೆ ಯಾರಾದರೂ ‘ನಳ್ಳಿ (ಎಳೆ ಕಾಯಿ) ಉದುರುವುದು, ಫಸಲು ಶುರುವಾಗಿ ಎರಡು ವರ್ಷದ ತೋಟ’ ಎಂದು ಬರೆದರೆ ನಾಳೆ ಹುಡುಕುವವರಿಗೆ ಸಿಗುತ್ತದೆ.

ಎರಡನೆಯದು: ಮುಟ್ಟುವ ಮೊದಲು ಪೋಸ್ಟ್ ಯಾವ ಜಾತಿಯದು ನೋಡಿ

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕೆಲವು ಪೋಸ್ಟ್ ಹೊರಗಿನದರ ಹಾಗೆ ಕಾಣುತ್ತದೆ, ನಿಜವಾಗಿ ಅರ್ಧ ಕೇಳಿದ ಪ್ರಶ್ನೆ ಆಗಿರುತ್ತದೆ. ಮಾತಿಲ್ಲದೆ ಹಳದಿಯಾದ ಅಡಿಕೆ ಸೋಗೆಯ (ಗರಿಯ) ಒಂದು ಫೋಟೊ ಬಂತು ಎಂದುಕೊಳ್ಳಿ. ಅದನ್ನು ತೆಗೆಯಬೇಡಿ, ಕೇಳಿ: ಒಂದೇ ಮರವಾ, ಸಾಲು ಪೂರ್ತಿಯಾ? ಹಳದಿ ಎಲೆಯ ತುದಿಯಿಂದ ಬಂತಾ, ಚುಕ್ಕೆ ಬಂದು ಹರಡಿತಾ? ತೋಟದಲ್ಲಿ ನೀರು ನಿಲ್ಲುತ್ತದಾ? ಹಳದಿ ಎಲೆ ರೋಗ, ಎಲೆಚುಕ್ಕೆ ರೋಗ, ಬರೀ ನೀರು ನಿಂತ ತೊಂದರೆ, ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಈ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಬೇಕಾದಾಗ ಕಾಪಿ ಮಾಡಿ ಹಾಕಿದರೆ ಎಷ್ಟೋ ‘ಬೇಡದ’ ಪೋಸ್ಟ್ ಒಳ್ಳೆಯ ಪ್ರಶ್ನೆಯಾಗಿ ಬದಲಾಗುತ್ತದೆ.

ಇನ್ನು ಕೆಲವು ನಿಜವಾದ ಪ್ರಶ್ನೆಗಳು, ಜಾಗ ಮಾತ್ರ ತಪ್ಪಿದೆ. ಮಗಳ ಕನ್ನಡ ಮಾಧ್ಯಮದ ಸರ್ಟಿಫಿಕೇಟ್ ವಿಚಾರ, ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಆಗಬೇಕಾದ ಕೆಲಸ, ಇಂಥವು. ಇವಕ್ಕೆ ದಾರಿ ತೋರಿಸಬೇಕು. ಜಾಹೀರಾತು, ಸಾಲದ ಆ್ಯಪ್‌ನ ಲಿಂಕ್, ಲಾಟರಿಯ ಮೆಸೇಜ್ ಬಂದರೆ ಯೋಚನೆಯೇ ಬೇಡ, ತಕ್ಷಣ ತೆಗೆಯಿರಿ.

ಮೂರನೆಯದು: ಹಗುರವಾದ ಕ್ರಮದಿಂದ ಶುರು ಮಾಡಿ

ಮೊದಲು ಆ ವ್ಯಕ್ತಿಗೆ ಖಾಸಗಿಯಾಗಿ ಬರೆಯಿರಿ. ಮೆಸೇಜ್ ಒತ್ತಿ ಹಿಡಿದರೆ ಖಾಸಗಿಯಾಗಿ ಉತ್ತರಿಸುವ ದಾರಿ ಸಿಗುತ್ತದೆ. ನಾಲ್ಕು ಜನರ ಎದುರು ತಿದ್ದಿದರೆ ಯಾರಿಗೂ ಹಿತವಾಗುವುದಿಲ್ಲ. ಅದರಲ್ಲೂ ಅಡ್ಮಿನ್ ಮೂವತ್ತು ವರ್ಷದ ಹುಡುಗ, ಪೋಸ್ಟ್ ಹಾಕಿದವರು ಎಪ್ಪತ್ತು ದಾಟಿದ ಮಾವ ಆದರೆ ಹೇಳುವುದೇ ಬೇಡ. ಮಾತು ಹೀಗಿರಲಿ: ‘ಮಾವ, ನಿಮ್ಮ ಆಮಂತ್ರಣ ನೋಡಿದೆ. ಇದು ಪ್ರಶ್ನೆಗೆ ಮಾತ್ರ ಇಟ್ಟ ಗ್ರೂಪ್ ಅಲ್ವಾ, ಊರ ಸುದ್ದಿಯ ಗ್ರೂಪ್‌ಗೆ ಹಾಕಿದರೆ ಜಾಸ್ತಿ ಜನ ನೋಡುತ್ತಾರೆ. ಇಲ್ಲಿಂದ ತೆಗೆಯಲಾ?’ ಹೆಚ್ಚಿನವರು ತಾವೇ ತೆಗೆಯುತ್ತಾರೆ.

ಪ್ರಶ್ನೆಯನ್ನು ಬೇರೆ ಗ್ರೂಪ್‌ಗೆ ಕಳಿಸುವಾಗ ಒಂದು ಎಚ್ಚರ. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದರೆ ಕೇಳಿದವರ ಹೆಸರು ಹೋಗುವುದಿಲ್ಲ, ನೀವೇ ಕೇಳಿದ ಹಾಗೆ ಕಾಣುತ್ತದೆ. ಉತ್ತರವೂ ನಿಮಗೇ ಬರುತ್ತದೆ, ಪಾಪ, ಕೇಳಿದವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಅವರನ್ನೇ ಆ ಗ್ರೂಪ್‌ಗೆ ಸೇರಿಸಿ, ಅವರ ಕೈಯಲ್ಲೇ ಹಾಕಿಸಿ. ಅಲ್ಲಿ ಹಾಕಿದ್ದು ಖಾತ್ರಿಯಾದ ಮೇಲೆ ಇಲ್ಲಿಂದ ತೆಗೆಯಿರಿ. 2022ರ ನವೆಂಬರಿನಲ್ಲಿ ಬಂದ ಕಮ್ಯೂನಿಟಿ ಸೌಲಭ್ಯ ಇದಕ್ಕೆ ಅನುಕೂಲ. ಒಂದೇ ಕಮ್ಯೂನಿಟಿಯ ಕೆಳಗೆ ತೋಟದ ಪ್ರಶ್ನೆ, ಕೆಲಸದಾಳು, ಮಾರಾಟ, ಊರ ಸುದ್ದಿ ಎಂದು ಬೇರೆ ಬೇರೆ ಗ್ರೂಪ್ ಇಡಬಹುದು. ಟೆಲಿಗ್ರಾಂ ಬಳಸುವವರು ಒಂದೇ ಗ್ರೂಪಿನೊಳಗೆ ಟಾಪಿಕ್ ಮಾಡಿಕೊಳ್ಳಬಹುದು.

ತೆಗೆಯಲೇಬೇಕಾದರೆ ಅಡ್ಮಿನ್‌ಗೆ ಅಧಿಕಾರ ಇದೆ. ಮೆಸೇಜ್ ಒತ್ತಿ ಹಿಡಿದು ಎಲ್ಲರಿಗೂ ಡಿಲೀಟ್ ಮಾಡಬಹುದು. ಯಾರು ತೆಗೆದರು ಎಂದು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ‘ಮಾರಾಟದ ಪೋಸ್ಟ್, ನಿಯಮದ ಪ್ರಕಾರ ತೆಗೆದಿದ್ದೇನೆ, ಮಾರಾಟದ ಗ್ರೂಪಿನಲ್ಲಿ ಹಾಕಬಹುದು.’ ಕಾರಣ ಹೇಳದೆ ತೆಗೆದರೆ ಜನ ಪಕ್ಷ, ಜಾತಿ, ಹಳೆಯ ಜಗಳ ಎಲ್ಲ ಸೇರಿಸಿ ತಾವೇ ಕಾರಣ ಹುಡುಕುತ್ತಾರೆ. ಗ್ರೂಪಿನಿಂದ ಹೊರಗೆ ಹಾಕುವುದು ಕೊನೆಗೆ, ಹೇಳಿ ಹೇಳಿ ಸಾಕಾದ ಮೇಲೆ.

ಕಷ್ಟದ ಜಾಗಗಳು

ನಿಧನದ ಸುದ್ದಿ. ಗ್ರೂಪಿನಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳಿದ ಹಿರಿಯ ಕೃಷಿಕರು ತೀರಿಕೊಂಡರೆ ಆ ಸುದ್ದಿಯನ್ನು ‘ವಿಷಯಕ್ಕೆ ಸಂಬಂಧವಿಲ್ಲ’ ಎಂದು ತೆಗೆಯುವುದು ಕಲ್ಲು ಮನಸ್ಸಿನ ಕೆಲಸ. ಆದರೆ ಒಂದರ ಹಿಂದೆ ಒಂದು ‘ಓಂ ಶಾಂತಿ’ ಬಂದರೆ ಆ ದಿನದ ಪ್ರಶ್ನೆಗಳೆಲ್ಲ ಕೆಳಗೆ ಹೋಗುತ್ತವೆ. ಅಡ್ಮಿನ್ ಒಂದೇ ಮೆಸೇಜ್ ಹಾಕಲಿ. ಅದರಲ್ಲಿ ಹೆಸರು, ಊರು, ಅವರು ಗ್ರೂಪಿಗೆ ಮಾಡಿದ ಉಪಕಾರ, ಅಂತ್ಯಕ್ರಿಯೆಯ ಹೊತ್ತು ಇರಲಿ. ‘ಸಂತಾಪವನ್ನು ಇದಕ್ಕೆ ಇಮೋಜಿ ಒತ್ತಿ ತಿಳಿಸಿ, ಮನೆಯವರಿಗೆ ನೇರ ಕರೆ ಮಾಡಿ’ ಎಂದು ಸೇರಿಸಿ. ಅವರು ಹಿಂದೆ ಬರೆದ ಒಳ್ಳೆಯ ಉತ್ತರವೊಂದನ್ನು ಹುಡುಕಿ ಅದರ ಕೆಳಗೆ ಹಾಕಿದರೆ ಅದಕ್ಕಿಂತ ದೊಡ್ಡ ಗೌರವ ಬೇರೆ ಬೇಕಾಗಿಲ್ಲ.

ಗಡಿಯ ವಿಚಾರ ಇನ್ನೂ ಸೂಕ್ಷ್ಮ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಎಂದು ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಯಾಗಲಿಲ್ಲ. ಆ ನೋವು ಇನ್ನೂ ಹಸಿ ಇದೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದರೆಂಬ ಸುದ್ದಿ ಬಂದಾಗ ಅದು ಎಲ್ಲ ಗ್ರೂಪಿಗೂ ಹರಿಯುತ್ತದೆ, ಅಡಿಕೆ ಗ್ರೂಪಿಗೂ. ಅದನ್ನು ಇಲ್ಲಿಂದ ತೆಗೆಯಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ತೆಗೆಯುವಾಗ ‘ಇದು ಮುಖ್ಯವಲ್ಲ’ ಎಂಬ ಧ್ವನಿ ಬರಬಾರದು. ‘ಇದು ನಮಗೆಲ್ಲರಿಗೂ ಬೇಕಾದ ವಿಷಯ. ಅದಕ್ಕೇ ಅದರ ಬಗ್ಗೆ ಕೆಲಸ ಮಾಡುವವರ ಗ್ರೂಪಿನಲ್ಲಿ ಹಾಕೋಣ, ಲಿಂಕ್ ಇಲ್ಲಿದೆ’ ಎಂದು ಬರೆಯಿರಿ. ಮಲಯಾಳ ಮಾತಾಡುವ ಕೃಷಿಕರೂ ಈ ಗ್ರೂಪಿನಲ್ಲಿ ಇರುತ್ತಾರೆ. ಅವರಿಗೂ ಅದೇ ಕೊಳೆರೋಗ.

ಫಾರ್ವರ್ಡ್ ಆದ ‘ಮದ್ದು’ಗಳು ವಿಷಯದೊಳಗಿನವೇ. ಆದರೆ ಹೇಳಿದವರು ಯಾರು, ಎಲ್ಲಿ ಪ್ರಯೋಗ ಮಾಡಿದರು ಗೊತ್ತಿಲ್ಲದಿದ್ದರೆ ಅಪಾಯ. ‘ನೀವು ನಿಮ್ಮ ತೋಟದಲ್ಲಿ ಮಾಡಿ ನೋಡಿದ್ದೀರಾ?’ ಎಂದು ಕೇಳಿ. ಇಲ್ಲ ಎಂದರೆ ತೆಗೆಯಿರಿ. ಕಾಸರಗೋಡಿನ ಕೂಡ್ಲಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಇದೆ, ಅಡಿಕೆಗೆ ಅದರ ವಿಟ್ಲದ ಕೇಂದ್ರ ಇದೆ. ಅವರ ಶಿಫಾರಸು ಇರುವಾಗ ಯಾವುದೋ ಊರಿನ ವಿಡಿಯೊ ನಂಬಿ ತೋಟ ಹಾಳು ಮಾಡಿಕೊಳ್ಳುವುದು ಯಾಕೆ?

ನಾಲ್ಕನೆಯದು: ಒಬ್ಬರೇ ತೀರ್ಮಾನಿಸಬೇಡಿ

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗಾಗಿ 2008ರಲ್ಲಿ ಶುರುವಾದ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಇದರಲ್ಲಿ ಒಳ್ಳೆಯ ಪಾಠ. ಅಲ್ಲಿ ವಿಷಯ ಬಿಟ್ಟ ಪ್ರಶ್ನೆಯನ್ನು ತಕ್ಷಣ ಅಳಿಸುವುದಿಲ್ಲ, ಮುಚ್ಚುತ್ತಾರೆ. ಪ್ರಶ್ನೆ ಕಾಣುತ್ತಿರುತ್ತದೆ, ಮುಚ್ಚಿದ ಕಾರಣವೂ ಕಾಣುತ್ತದೆ, ಹೊಸ ಉತ್ತರ ಮಾತ್ರ ಹಾಕಲು ಆಗುವುದಿಲ್ಲ. ಒಳ್ಳೆಯ ಪ್ರಶ್ನೆ, ಉತ್ತರ ಬರೆದು 3,000 ಪಾಯಿಂಟ್ ಗಳಿಸಿದ ಸದಸ್ಯರು ಇದಕ್ಕೆ ಮತ ಹಾಕಬಹುದು. ಕೇಳಿದವರು ತಿದ್ದಿದರೆ ಮತ್ತೆ ಮತ ಹಾಕಿ ತೆರೆಯಬಹುದು.

ವಾಟ್ಸಾಪ್‌ನಲ್ಲಿ ಮುಚ್ಚುವ ಗುಂಡಿ ಇಲ್ಲ. ಆದರೆ ಪದ್ಧತಿಯನ್ನು ತರಬಹುದು. ಮೂವರು ಅಡ್ಮಿನ್ ಇರಲಿ: ಒಬ್ಬರು ತೋಟದಲ್ಲಿ ಪಳಗಿದವರು, ಒಬ್ಬರು ಫೋನ್ ಚೆನ್ನಾಗಿ ತಿಳಿದವರು, ಒಬ್ಬರು ಮಹಿಳೆ. ಮಹಿಳೆ ಬೇಕು ಎಂದು ಒತ್ತಿ ಹೇಳುತ್ತೇನೆ. ತೋಟದ ಕೆಲಸದಲ್ಲಿ ಅರ್ಧ ಪಾಲು ಅವರದ್ದು, ಗ್ರೂಪಿನಲ್ಲಿ ಕೇಳುವವರು ಕಡಿಮೆ. ಅನುಮಾನ ಇರುವ ಪೋಸ್ಟನ್ನು ಮೂವರೇ ಇರುವ ಚಿಕ್ಕ ಗ್ರೂಪಿನಲ್ಲಿ ಹಾಕಿ, ಇಬ್ಬರು ಒಪ್ಪಿದರೆ ತೆಗೆಯಿರಿ. ತೆಗೆದದ್ದರ ಸ್ಕ್ರೀನ್‌ಶಾಟ್ ಅಲ್ಲೇ ಇರಲಿ. ಯಾರಾದರೂ ‘ನನ್ನದನ್ನು ಯಾಕೆ ತೆಗೆದಿರಿ’ ಎಂದು ಕೇಳಿದರೆ ತೋರಿಸಿ ಮಾತಾಡಬಹುದು. ಅವರ ಮಾತು ಸರಿ ಇದ್ದರೆ ಪೋಸ್ಟನ್ನು ಮತ್ತೆ ಹಾಕಲು ಹೇಳಿ.

ಕಾನೂನಿನ ಹೆದರಿಕೆಯಿಂದ ಅಡ್ಮಿನ್ ಆಗಲು ಹಿಂಜರಿಯುವವರಿದ್ದಾರೆ. ಸದಸ್ಯರು ಹಾಕಿದ ಆಕ್ಷೇಪಾರ್ಹ ಪೋಸ್ಟ್‌ಗೆ ಅಡ್ಮಿನ್ ಎಂಬ ಕಾರಣಕ್ಕೇ ಹೊಣೆ ಬರುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಹಾಗಂತ ಕಣ್ಣು ಮುಚ್ಚಿ ಕೂರುವುದೂ ಸರಿಯಲ್ಲ.

ಮಳೆಗಾಲಕ್ಕೆ ಬೇರೆ ನಿಯಮ

ವರ್ಷವಿಡೀ ಒಂದೇ ಬಿಗಿ ಬೇಕಾಗಿಲ್ಲ. ಮೇ ಕೊನೆಯಿಂದ ಸೆಪ್ಟೆಂಬರ್ ತನಕ ಬಿಗಿಯಾಗಿರಲಿ, ಬೆಳಿಗ್ಗೆ 6ರಿಂದ 10ರ ತನಕ ಪ್ರಶ್ನೆ ಮತ್ತು ಉತ್ತರ ಮಾತ್ರ ಇರಲಿ. ಬೇಸಿಗೆಯಲ್ಲಿ ಸ್ವಲ್ಪ ಸಡಿಲ ಬಿಡಿ. ನಗು, ಹರಟೆ ಏನೂ ಇಲ್ಲದ ಗ್ರೂಪಿನಲ್ಲಿ ಪ್ರಶ್ನೆ ಕೇಳಲೂ ಜನ ಹೆದರುತ್ತಾರೆ.

ಮಳೆಗಾಲ ಮುಗಿದ ಮೇಲೆ ಮೂವರು ಅಡ್ಮಿನ್ ಕೂತು ತೆಗೆದ ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ನೋಡಿ. ಒಂದೇ ಬಗೆಯ ‘ಹೊರಗಿನ’ ಪ್ರಶ್ನೆ ಮತ್ತೆ ಮತ್ತೆ ಬಂದಿದ್ದರೆ ಜನರಿಗೆ ಅದು ಬೇಕಾಗಿದೆ ಎಂದರ್ಥ. ಹಂದಿ ಕಾಟದ ಬಗ್ಗೆ ಹತ್ತು ಜನ ಕೇಳಿದ್ದರೆ ಅದನ್ನು ನಿಯಮದೊಳಗೆ ಸೇರಿಸಿ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬತ್ತಿದ್ದರ ಬಗ್ಗೆ ಕೇಳಿದ್ದರೆ ನೀರಿಗೇ ಒಂದು ಗ್ರೂಪ್ ತೆರೆಯಿರಿ. ಬದಲಾದ ನಿಯಮವನ್ನು ತಾರೀಕು ಹಾಕಿ ಡಿಸ್ಕ್ರಿಪ್ಷನ್‌ನಲ್ಲಿ ಬರೆಯಿರಿ, ಹಳೆಯ ಪಿನ್ ತೆಗೆದು ಹೊಸದನ್ನು ಪಿನ್ ಮಾಡಿ.