ಹೊಕ್ಕುಳ ನೋಡಿ ಮೋರಿ ಎತ್ತುವುದು: ನನ್ನ ಅನುಭವ

"ಮೋರಿ ಅಂದ್ರೆ ಮೋರಿ. ಅದ್ರಲ್ಲಿ ಜಾತಿ ಎಂತಕ್ಕೆ ಹುಡುಕ್ತೆ ತಂಗೀ?" ಮೋರಿ ಅಂದರೆ ಶಾರ್ಕ್ ಮೀನು. ಉತ್ತರ ಕನ್ನಡದ ತದಡಿ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಹೇಳಿದವರೆಲ್ಲ ನನಗಿಂತ ಹಿರಿಯರು, ನನಗೆ ಲಿಲಾವು (ಹರಾಜು) ಕೂಗುವುದನ್ನು ಕಲಿಸಿದವರು. ಈಗ ಅವರಲ್ಲೇ ಇಬ್ಬರು ಮೋರಿಯ ಕ್ರೇಟ್ ಬಂದರೆ ನನ್ನನ್ನು ಕರೆಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೀನಿನ ವ್ಯಾಪಾರ ಗೊತ್ತಿದ್ದವರಿಗೆ ಮಾತ್ರ ಇದು.

ಶುರುವಾಗಿದ್ದು ನಷ್ಟದಿಂದ. 2018 ಇರಬೇಕು, ಮಳೆಗಾಲದ ಬಂದ್ ಮುಗಿದು ಬೋಟುಗಳು ಆಗಷ್ಟೇ ಇಳಿದಿದ್ದವು. ಶಿರಸಿಯ ಒಂದು ಖಾನಾವಳಿಯವರು ಸಣ್ಣ ಮೋರಿ ಕೇಳಿದ್ದರು. ಅವರ ಮನೆಯಲ್ಲಿ ಬಾಣಂತಿ ಬೇರೆ ಇದ್ದಳು. ನಮ್ಮ ಕಡೆ ಬಾಣಂತಿಗೆ ಸಣ್ಣ ಮೋರಿಯ ಸಾರು ಕೊಟ್ಟರೆ ಹಾಲು ಹೆಚ್ಚುತ್ತದೆ ಅನ್ನುವ ನಂಬಿಕೆ ಇದೆ ಅಲ್ವಾ. ಒಂದು ಜಾತಿಗೆ ಇಂಗ್ಲಿಷಿನಲ್ಲೂ ಮಿಲ್ಕ್ ಶಾರ್ಕ್ ಎಂದೇ ಹೆಸರು ಬಿದ್ದಿದೆ. ನಾನು ಒಂದೂವರೆ ಮೊಳದ ಮೋರಿ ಇಪ್ಪತ್ತು ಕೆಜಿಯಷ್ಟು ಎತ್ತಿ, ಅಂದರೆ ಕೊಂಡು, ಐಸ್ ಹಾಕಿ, ದೇವಿಮನೆ ಘಟ್ಟ ಹತ್ತಿಸಿ ಕಳಿಸಿದೆ. ಸಂಜೆಗೆ ಫೋನು. "ಅಕ್ಕಾ, ಇದು ಸಣ್ಣ ಮೋರಿ ಅಲ್ಲ. ದೊಡ್ಡ ಮೋರಿಯ ಮರಿ." ಅವರು ಕಾರವಾರ ಕಡೆಯವರು, ಅವರ ತಾಯಿ ತಲೆ ನೋಡಿಯೇ ಹೇಳಿದ್ದರಂತೆ. ಮಾಲು, ಟೆಂಪೊ ಬಾಡಿಗೆ, ಐಸ್ ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಆ ಗಿರಾಕಿ ಇಡೀ ಸೀಸನ್ ನನ್ನ ಹತ್ತಿರ ಮೀನು ತಗೊಳ್ಳಲಿಲ್ಲ. ದುಡ್ಡಿಗಿಂತ ಅದೇ ಜಾಸ್ತಿ ನೋವಾಯಿತು.

ಸಣ್ಣ ಜಾತಿಯ ದೊಡ್ಡ ಮೀನು ಒಂದು, ದೊಡ್ಡ ಜಾತಿಯ ಮರಿ ಇನ್ನೊಂದು. ಕ್ರೇಟಿನಲ್ಲಿ ಎರಡೂ ಒಂದೇ ಅಳತೆ. ಎಲ್ಲರೂ ಸೋಲುವುದು ಇಲ್ಲೇ.

ಮೊದಲು ಬಣ್ಣ ನಂಬಿದೆ. ರೆಕ್ಕೆಯ ತುದಿ ಕಪ್ಪಿದ್ದರೆ ದೊಡ್ಡ ಜಾತಿ, ಇಲ್ಲದಿದ್ದರೆ ಸಣ್ಣದು ಎಂದು ಲೆಕ್ಕ ಹಾಕಿದೆ. ಒಂದು ವರ್ಷ ಇದರಲ್ಲೇ ಹಾಳಾಯಿತು. ಸ್ಪಿನ್ನರ್ ಶಾರ್ಕ್ ಎಂಬ ದೊಡ್ಡ ಜಾತಿ ಬೆಳೆದ ಮೇಲೆ ಅದರ ರೆಕ್ಕೆ ತುದಿಗಳು ಕಪ್ಪು, ಆದರೆ ಮರಿಗಳ ರೆಕ್ಕೆಯಲ್ಲಿ ಕಪ್ಪೇ ಇರುವುದಿಲ್ಲ. ಮೇಲಿಂದ ಐಸಿನಲ್ಲಿ ಎರಡು ದಿನ ಬಿದ್ದ ಮೀನಿಗೆ ಎಲ್ಲ ಬಣ್ಣವೂ ಬೂದಿಯೇ. ಬಲೆಯಲ್ಲಿ ತಿಕ್ಕಿ ರೆಕ್ಕೆಯ ತುದಿ ಹರಿದಿದ್ದರೆ ಕೇಳುವುದೇ ಬೇಡ.

ಆಮೇಲೆ ಸಿಕ್ಕಿದ್ದು ಬಲೆ ಹೆಣೆಯುವ ನೈಲಾನ್ ದಾರ. ಒಂದು ಗೇಣು ಸಾಕು. ಮೀನನ್ನು ಮಗ್ಗುಲಿಗೆ ಮಲಗಿಸಿ, ಬೆನ್ನಿನ ಎರಡನೇ ಸಣ್ಣ ರೆಕ್ಕೆ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ದಾರವನ್ನು ನೇರ ಕೆಳಗೆ ಹಿಡಿಯಿರಿ. ಕೆಳಗೆ ಬಾಲದ ಹತ್ತಿರ ಒಂದು ರೆಕ್ಕೆ ಇದೆಯಲ್ಲ, ದಾರ ಅದರ ಬುಡ ಶುರುವಾಗುವಲ್ಲೇ ಬಿದ್ದರೆ ಹೆಚ್ಚಾಗಿ ಅದು ಕಪ್ಪು ತುದಿಯವರ ಬಳಗದ್ದು, ಅಂದರೆ ದೊಡ್ಡ ಜಾತಿಯ ಮರಿ. ದಾರ ಆ ರೆಕ್ಕೆಯ ಬುಡ ಶುರುವಾಗುವ ಜಾಗವನ್ನು ದಾಟಿ ತುಂಬ ಹಿಂದೆ ಬಿದ್ದರೆ ಸಣ್ಣ ಜಾತಿ. ನಮ್ಮಲ್ಲಿ ಜಾಸ್ತಿ ಬರುವ ಚಪ್ಪಟೆ ಮೂತಿಯ ಸ್ಪೇಡ್‌ನೋಸ್ ಮತ್ತು ಮಿಲ್ಕ್ ಶಾರ್ಕ್ ಎರಡೂ ಹೀಗೇ.

ಇವೆರಡನ್ನು ಬೇರೆ ಮಾಡಲು ಬೆನ್ನಿನ ದೊಡ್ಡ ರೆಕ್ಕೆ ನೋಡಿ. ಸ್ಪೇಡ್‌ನೋಸಿನಲ್ಲಿ ಅದು ಎಷ್ಟು ಹಿಂದೆ ಇರುತ್ತದೆಂದರೆ ಅದರ ಹಿಂತುದಿ ಹೊಟ್ಟೆಯ ಜೋಡಿ ರೆಕ್ಕೆಗಳ ಮೇಲೆ ಬಂದು ನಿಂತಿರುತ್ತದೆ. ಎದೆಯ ರೆಕ್ಕೆಯೂ ಗಿಡ್ಡ, ತ್ರಿಕೋನದ ಹಾಗೆ. ಮಿಲ್ಕ್ ಶಾರ್ಕಿನಲ್ಲಿ ಬೆನ್ನಿನ ದೊಡ್ಡ ರೆಕ್ಕೆ ಮುಂದೆ, ಎದೆಯ ರೆಕ್ಕೆಯ ಹಿಂತುದಿಯ ಹತ್ತಿರವೇ ಶುರು. ಬಾಯಿಯ ಮೂಲೆಯಲ್ಲಿ ಉಗುರು ಆಡಿಸಿದರೆ ಉದ್ದದ ಗೆರೆ ಸಿಗುತ್ತದೆ. ಸ್ಪೇಡ್‌ನೋಸಿಗೆ ಆ ಗೆರೆ ಇದ್ದೂ ಇಲ್ಲದ ಹಾಗೆ. ಕತ್ತಲಲ್ಲಿ, ಟಾರ್ಚ್ ಇಲ್ಲದೆಯೂ ಉಗುರಿಗೆ ಇದು ಗೊತ್ತಾಗುತ್ತದೆ.

ಈಗ ಹೊಕ್ಕುಳ. ಈ ಜಾತಿಗಳೆಲ್ಲ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ, ತಾಯಿಯ ಹೊಟ್ಟೆಯಲ್ಲಿ ಬಳ್ಳಿ ಇರುತ್ತದೆ. ಹುಟ್ಟಿದ ಮರಿಯನ್ನು ಅಂಗಾತ ಮಾಡಿದರೆ ಎದೆಯ ಎರಡು ರೆಕ್ಕೆಗಳ ನಡುವೆ ಸಣ್ಣ ಸೀಳು ಕಾಣುತ್ತದೆ. ಹೊಸದಾದರೆ ಕೆಂಪು, ಕೆಲವು ವಾರದಲ್ಲಿ ಬಿಳಿ ಗೆರೆ. ಇನ್ನು ಅಳತೆ ಜೋಡಿಸಿ. ಸ್ಪೇಡ್‌ನೋಸ್ ಹುಟ್ಟುವಾಗ ಒಂದು ಗೇಣೂ ಇರುವುದಿಲ್ಲ. ಮಿಲ್ಕ್ ಶಾರ್ಕ್ ಹುಟ್ಟುವಾಗ ಒಂದೂವರೆ ಗೇಣು. ಹಾಗಾದರೆ ಎರಡೂವರೆ ಗೇಣಿನ ಮೀನಿನ ಎದೆಯಲ್ಲಿ ಹಸಿ ಹೊಕ್ಕುಳ ಇದ್ದರೆ? ಅದು ಮೊನ್ನೆ ಹುಟ್ಟಿದ ದೊಡ್ಡ ಜಾತಿಯ ಮರಿ, ಬೇರೆ ಮಾತೇ ಇಲ್ಲ. ಗಂಡಾದರೆ ಇನ್ನೂ ಸುಲಭ. ಹೊಟ್ಟೆ ರೆಕ್ಕೆಯ ಒಳಬದಿಯ ಎರಡು ಕಡ್ಡಿಗಳನ್ನು ಹಿಡಿದು ಬಗ್ಗಿಸಿ. ಗಟ್ಟಿ ಇದ್ದರೆ ಬೆಳೆದ ಮೀನು, ಮೆತ್ತಗಿದ್ದರೆ ಎಳೆಯದು. ಒಂದೂವರೆ ಗೇಣಿನ ಸ್ಪೇಡ್‌ನೋಸ್ ಗಂಡಿಗೆ ಕಡ್ಡಿ ಗಟ್ಟಿಯಾಗಿಯೇ ಇರುತ್ತದೆ.

ದಾರ ಒಂದು ಕಡೆ ಕೈಕೊಟ್ಟಿತು. ಹಾರ್ಡ್‌ನೋಸ್ ಎಂಬ ಒಂದು ಮೋರಿ ಇದೆ, ಕಪ್ಪು ತುದಿಯವರ ಬಳಗದ್ದೇ, ಆದರೆ ಅದರ ಎರಡನೇ ರೆಕ್ಕೆಯೂ ಹಿಂದೆಯೇ ಬೀಳುತ್ತದೆ. ಎರಡು ಕ್ರೇಟ್ ಮಿಲ್ಕ್ ಶಾರ್ಕ್ ಎಂದು ಕೊಟ್ಟು ಕೆಜಿಗೆ ನಲವತ್ತು ರೂಪಾಯಿ ವಾಪಸ್ ಕೊಡಬೇಕಾಯಿತು. ಈಗ ದಾರ ಹಿಂದೆ ಬಿದ್ದ ಮೇಲೂ ಮೂತಿಯನ್ನು ಎರಡು ಬೆರಳಲ್ಲಿ ಹಿಚುಕುತ್ತೇನೆ. ಉಳಿದವುಗಳ ಮೂತಿ ಬಗ್ಗುತ್ತದೆ, ಇದರದ್ದು ಒಳಗೆ ಕಲ್ಲಿಟ್ಟ ಹಾಗೆ. ಕಣ್ಣಿನ ಹಿಂಬದಿಯಲ್ಲಿ ಸಣ್ಣ ಕಚ್ಚು ಇದ್ದರೆ ಅದು ಸ್ಲಿಟ್‌ಐ, ಅದನ್ನೂ ಬೇರೆ ಇಡಿ.

ದೊಡ್ಡ ಮೀನಿಗೆ ಬೆರಳೇ ಸಾಕು. ಬೆನ್ನಿನ ಎರಡು ರೆಕ್ಕೆಗಳ ನಡುವೆ ಬೆರಳು ಎಳೆಯಿರಿ. ದಾರದಂಥ ಏಣು (ಉಬ್ಬುಗೆರೆ) ಸಿಕ್ಕಿ, ಎರಡನೇ ರೆಕ್ಕೆಯ ತುದಿ ಕಡು ಕಪ್ಪಿದ್ದರೆ ಸ್ಪಾಟ್‌ಟೇಲ್. ಏಣಿಲ್ಲದೆ ನುಣ್ಣಗಿದ್ದು ತುದಿ ಕಪ್ಪಿದ್ದರೆ ಬ್ಲ್ಯಾಕ್‌ಟಿಪ್ ಅಥವಾ ಬೆಳೆದ ಸ್ಪಿನ್ನರ್. ಬಾಲದ ಹತ್ತಿರದ ಕೆಳರೆಕ್ಕೆಯೂ ಕಪ್ಪಿದ್ದರೆ ಸ್ಪಿನ್ನರ್. ಸುತ್ತಿಗೆ ತಲೆಯದ್ದನ್ನು ಮಗುವೂ ಹೇಳುತ್ತದೆ, ಆದರೆ ತಲೆ ಕಡಿದು ಬಂದರೆ? ಎರಡನೇ ರೆಕ್ಕೆಯ ಹಿಂದಿನ ಬಾಲದಂಥ ತುದಿ ನೋಡಿ. ನಮ್ಮಲ್ಲಿ ಬರುವ, ತಲೆಯ ಮುಂಭಾಗದ ನಡುವೆ ಕಚ್ಚು ಇರುವ ಸುತ್ತಿಗೆ ಮೋರಿಯಲ್ಲಿ ಆ ತುದಿ ಬಾಲದ ಬುಡವನ್ನು ಮುಟ್ಟುವಷ್ಟು ಉದ್ದ. ಕಿವಿರಿನ ಸೀಳು ಮಗ್ಗುಲಲ್ಲಿಲ್ಲದೆ ಹೊಟ್ಟೆಯ ಕಡೆ ಇದ್ದರೆ ಅದು ಮೋರಿಯೇ ಅಲ್ಲ, ತೊರಕೆಯ (ಚಪ್ಪಟೆ ಮೈಯ ರೇ ಮೀನಿನ) ನೆಂಟ. ಮೋರಿ ಎಂದು ಅದನ್ನು ಕೂಗುವವರು ಈಗಲೂ ಇದ್ದಾರೆ. ಮೈಮೇಲೆ ಬಿಳಿ ಚುಕ್ಕೆಯ ತಿಮಿಂಗಿಲ ಶಾರ್ಕ್ ಬಲೆಗೆ ಬಿದ್ದರೆ ಬಲೆ ಕತ್ತರಿಸಿ ಬಿಡುವುದೇ. 2001ರಿಂದ ಅದಕ್ಕೆ ಹುಲಿಗಿರುವಷ್ಟೇ ರಕ್ಷಣೆ.

ನಡುವೆ ಹಲ್ಲಿನ ಹುಚ್ಚೂ ಹತ್ತಿತ್ತು. ಪ್ರತಿ ಜಾತಿಯ ದವಡೆ ಕುದಿಸಿ, ಹಲಗೆಗೆ ಹೊಡೆದು, ಮಕ್ಕಳಿಗೆ ಕಲಿಸೋಣ ಎಂದುಕೊಂಡೆ. ಮೋರಿಗೆ ಎಲುಬಿಲ್ಲ, ಬರೀ ಮೃದ್ವಸ್ಥಿ. ಕುದಿಸಿದ ದವಡೆ ಸುರುಟಿ, ಹಲ್ಲೆಲ್ಲ ಪಾತ್ರೆಯ ತಳದಲ್ಲಿ. ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ಚಾಕುವಿನಿಂದ ಕೆರೆದು, ನೆರಳಲ್ಲಿ ಒಣಗಿಸಿದ ನಾಲ್ಕು ಮಾತ್ರ ಉಳಿದಿವೆ. ಬ್ಲ್ಯಾಕ್‌ಟಿಪ್‌ನ ಮೇಲಿನ ಹಲ್ಲಿನ ಅಂಚು ಗರಗಸ, ಸ್ಪೇಡ್‌ನೋಸಿನದ್ದು ನುಣುಪು. ಎದುರಿಗಿಟ್ಟು ನೋಡಿದರೆ ಯಾರೂ ಮರೆಯುವುದಿಲ್ಲ.

ಹೋದ ವರ್ಷ ಕಾರವಾರದಿಂದ ಇಬ್ಬರು ವಿದ್ಯಾರ್ಥಿಗಳು ಬಂದಿದ್ದರು. ನಾನು ಹೇಳುತ್ತಾ ಹೋದೆ, ಅವರು ಪುಸ್ತಕ ಹಿಡಿದು ತಾಳೆ ನೋಡಿದರು. ಐವತ್ತರ ಹತ್ತಿರ ಮೀನು, ಮೂರು ತಪ್ಪಿದೆ. ಮೂರೂ ಹರಿದ ಮೀನುಗಳು. ಸುತ್ತ ನಿಂತಿದ್ದವರ ಮುಖ ನೋಡಬೇಕಿತ್ತು.

ಲಿಲಾವು ಕೂಗುವಾಗ ಕ್ರೇಟಿಗೆ ಕೈ ಹಾಕದೆ, ಮೇಲಿಂದಲೇ ಮರಿ ಎಷ್ಟಿವೆ ಎಂದು ಅಂದಾಜು ಮಾಡುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದೇ ನನ್ನ ಅನ್ನ. ಸರಿಯಾಗಿ ಆರಿಸಿದ ಸಣ್ಣ ಮೋರಿಗೆ ಶಿರಸಿಯಲ್ಲಿ ಬೆರಕೆ ಮಾಲಿಗಿಂತ ಕೆಜಿಗೆ ಅರವತ್ತು, ಎಪ್ಪತ್ತು ರೂಪಾಯಿ ಜಾಸ್ತಿ ಸಿಗುತ್ತದೆ. ಹಸಿ ಹೊಕ್ಕುಳದ ಮರಿಗಳನ್ನು ನಾನು ಎತ್ತುವುದಿಲ್ಲ. ಬೆಳೆದರೆ ಆಳೆತ್ತರ ಮೀರುವ ಮೀನು ಅದು, ಮೂರು ಗೇಣಿಗೇ ಸಾಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೊನ್ನೆ ಬೋಟು ನಡೆಸುವ ಒಬ್ಬ ತಾಂಡೇಲ ಭಾವ ತಾವೇ ಬಂದು, "ಬಲೆ ಎಳೆದಾಗ ಜೀವ ಇದ್ದ ಮರಿ ಐದಾರು ನೀರಿಗೇ ಬಿಟ್ಟೆ, ಹೊಕ್ಕುಳ ಕೆಂಪಿತ್ತು" ಅಂದರು. ಅವರ ಬೋಟಿನ ಮೋರಿಯನ್ನು ಅವತ್ತು ಹತ್ತು ರೂಪಾಯಿ ಹೆಚ್ಚಿಗೇ ಕೂಗಿ ಎತ್ತಿದೆ.