ಮುಂಚೂಣಿ ಪೋಸ್ಟಿನಲ್ಲಿ ಹಕ್ಕಿ ನೋಡುವುದು ಹೇಗೆ: ಲಡಾಖಿಗೆ ಹೊರಟ ಸೈನಿಕರಿಗೆ

ಮೊದಲು ಒಂದು ಮಾತು. ಸೆಂಟ್ರಿ ಡ್ಯೂಟಿಯಲ್ಲಿ ಹಕ್ಕಿ ನೋಡಬಾರದು. ಕಣ್ಣಿಗೆ ತಾನಾಗಿ ಬಿದ್ದ ಹಕ್ಕಿ ನೆನಪಿನಲ್ಲಿ ಉಳಿದರೆ ಉಳಿಯಲಿ. ಅದರ ಬೆನ್ನು ಹತ್ತಿ ಬೈನಾಕ್ಯುಲರ್ ತಿರುಗಿಸುವಂತಿಲ್ಲ, ನೋಟ್‌ಬುಕ್ ತೆಗೆಯುವಂತಿಲ್ಲ. ಬಂಕರಿನಲ್ಲಿ ಮಲಗಿದವರು ನಿಮ್ಮ ಕಣ್ಣನ್ನು ನಂಬಿ ಮಲಗಿದ್ದಾರೆ. ಇಲ್ಲಿ ಹೇಳುವುದೆಲ್ಲ ಡ್ಯೂಟಿ ಇಳಿದ ಮೇಲಿನ ಹೊತ್ತಿಗೆ, ಪೋಸ್ಟಿನ ಸರಹದ್ದಿನ ಒಳಗೆ, ಕಂಪನಿ ಕಮಾಂಡರ್ ಒಪ್ಪಿಗೆ ಕೊಟ್ಟ ಮೇಲೆ.

ಕೊಡಗಿನಿಂದಲೋ ಬೆಳಗಾವಿಯಿಂದಲೋ ಹೋದವರಿಗೆ ಅಲ್ಲಿ ಮೊದಲು ಕಾಣುವುದು ಬರೀ ಕಲ್ಲು. ಹಕ್ಕಿಗಳ ಪಟ್ಟಿಯೂ ಬೆಳೆಯುವುದಿಲ್ಲ. ಆದರೆ ಪ್ರವಾಸಿಗೆ ಸಿಗದ ಒಂದು ಅನುಕೂಲ ಸೈನಿಕನಿಗೆ ಇದೆ: ಒಂದೇ ಜಾಗವನ್ನು ತಿಂಗಳುಗಟ್ಟಲೆ ನೋಡಬಹುದು. ಎರಡನೇ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಜಾನ್ ಬಕ್ಸ್‌ಟನ್ ಇದನ್ನೇ ಬಳಸಿಕೊಂಡರು. ಸೆರೆಶಿಬಿರದ ಸಂಗಾತಿಗಳ ನೆರವಿನಿಂದ 1943ರ ಏಪ್ರಿಲ್‌ನಿಂದ ಜೂನ್‌ವರೆಗೆ ರೆಡ್‌ಸ್ಟಾರ್ಟ್ ಎಂಬ ಕೆಂಪು ಬಾಲದ ಪುಟ್ಟ ಹಕ್ಕಿಯ ಒಂದೇ ಜೋಡಿಯನ್ನು 850 ಗಂಟೆ ನೋಡಿ ಬರೆದಿಟ್ಟರು. ಬರ್ಲಿನ್ನಿನ ಪಕ್ಷಿತಜ್ಞ ಎರ್ವಿನ್ ಸ್ಟ್ರೆಸೆಮನ್, ಶತ್ರು ದೇಶದವರಾದರೂ, ಹಕ್ಕಿಯ ಕಾಲಿಗೆ ಹಾಕುವ ಉಂಗುರಗಳನ್ನು ಕಳಿಸಿಕೊಟ್ಟರು. ಬಕ್ಸ್‌ಟನ್ ಮಾಡಿದ್ದರ ಹತ್ತರಲ್ಲಿ ಒಂದು ಪಾಲು ಮಾಡಿದರೂ ನಿಮ್ಮ ನೋಟ್‌ಬುಕ್ಕಿಗೆ ಬೆಲೆ ಬರುತ್ತದೆ.

ಶುರುವಿನ ದಿನಗಳು

ಎತ್ತರಕ್ಕೆ ಮೈ ಒಗ್ಗಿಸಲು ಸೇನೆ ಇಟ್ಟಿರುವ ಲೆಕ್ಕ ನಿಮಗೆ ಗೊತ್ತು: ಮೊದಲ ಹಂತಕ್ಕೆ ಆರು ದಿನ, ಮುಂದಿನ ಎರಡು ಹಂತಗಳಿಗೆ ನಾಲ್ಕು ನಾಲ್ಕು ದಿನ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ. ಹಕ್ಕಿಗಾಗಿ ದಿಬ್ಬ ಹತ್ತುವ ಆಸೆ ಬೇಡ, ಶ್ವಾಸಕೋಶಕ್ಕೆ ನೀರು ತುಂಬುವುದು ಇಂಥ ಅವಸರದಲ್ಲೇ. ಬ್ಯಾರಕ್ಕಿನ ಬಾಗಿಲಲ್ಲಿ ಬಿಸಿಲು ಕಾಯುತ್ತ ಕೂತು ಲಂಗರಿನ (ಸೇನೆಯ ಅಡುಗೆಮನೆ) ಸುತ್ತ ಬರುವ ಐದಾರು ಜಾತಿಗಳನ್ನು ಚೆನ್ನಾಗಿ ಕಲಿಯಿರಿ. ಮುಂದೆ ಬೇರೆ ಹಕ್ಕಿಯನ್ನು ಬೇರೆ ಎಂದು ಗುರುತಿಸಲು ಇವೇ ಅಳತೆಗೋಲು.

ಸಾಮಾನು

ಸ್ವಂತ ಬೈನಾಕ್ಯುಲರ್ ಒಯ್ಯಲು ಅನುಮತಿ ಸಿಕ್ಕರೆ 8×42 (ಎಂಟು ಪಟ್ಟು ದೊಡ್ಡದು ಮಾಡುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. ಗಾಳಿಯಲ್ಲಿ, ಏದುಸಿರಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಗಾಜು ಕೈಯಲ್ಲಿ ನಿಲ್ಲುವುದಿಲ್ಲ. ಲೋಹದ ಭಾಗಕ್ಕೆಲ್ಲ ಬಟ್ಟೆಯ ಟೇಪ್ ಸುತ್ತಿ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಬರಿಗೈಗೆ ಲೋಹ ಅಂಟಿದರೆ ಚರ್ಮ ಕಿತ್ತು ಬರುತ್ತದೆ. ಮುಂದಿನ ಗಾಜಿನ ಮೇಲೆ ಬಿಸಿಲು ಬಿದ್ದರೆ ಅದರ ಮಿಂಚು ಬಹುದೂರಕ್ಕೆ ಕಾಣುತ್ತದೆ, ಹಾಗಾಗಿ ನೆರಳಿನಲ್ಲಿ ಕೂತು, ಸೂರ್ಯ ಬೆನ್ನ ಹಿಂದಿರುವಾಗ ನೋಡಿ.

ಹೊಸಬರು ಹೆಚ್ಚಾಗಿ ಗಾಜು ಹಾಳುಮಾಡಿಕೊಳ್ಳುವುದು ಒಂದೇ ತಪ್ಪಿನಿಂದ: ಹೊರಗೆ ಕೊರೆದ ಬೈನಾಕ್ಯುಲರನ್ನು ಸೀದಾ ಬುಖಾರಿ (ಚಳಿ ಕಾಯಿಸುವ ಒಲೆ) ಉರಿಯುವ ಬಂಕರಿಗೆ ತರುವುದು. ಒಳಗಿನ ಗಾಳಿಯ ತೇವ ತಣ್ಣಗಿನ ಗಾಜಿನ ಮೇಲೆ ನೀರಾಗುತ್ತದೆ. ಅಗ್ಗದ ಬೈನಾಕ್ಯುಲರ್ ಆದರೆ ಒಳಭಾಗಕ್ಕೂ ಇಳಿದು ಮುಂದೆ ಬೂಸಲು ಹಿಡಿಯುತ್ತದೆ. ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಒಳಗೆ ತಂದ ಮೇಲೆ ಒಂದೆರಡು ಗಂಟೆ ಬಿಚ್ಚಬೇಡಿ.

ಬರೆಯಲು ಪೆನ್ಸಿಲ್ಲೇ ಬೇಕು, ಶಾಯಿ ಹೆಪ್ಪುಗಟ್ಟುತ್ತದೆ. 2ಬಿ ಆದರೆ ಕೈಗವಸು ಹಾಕಿಕೊಂಡೂ ಬರೆಯಬಹುದು. ಹಿಮದ ಮೇಲೆ ಕನ್ನಡಕ ತೆಗೆದು ನೋಡುವುದಾದರೆ ಕೆಲವೇ ಸೆಕೆಂಡು. ಹಿಮಗುರುಡು ಆ ಹೊತ್ತಿಗೆ ಗೊತ್ತಾಗುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ಹೊಯ್ದ ಹಾಗೆ ಉರಿಯುತ್ತದೆ.

ಏನು ಬರೆಯಬೇಕು, ಏನು ಬರೆಯಬಾರದು

ನೋಟ್‌ಬುಕ್ ಶತ್ರುವಿನ ಕೈಗೆ ಸಿಕ್ಕರೆ ಅವನಿಗೆ ಅದರಿಂದ ಏನೂ ಗೊತ್ತಾಗಬಾರದು. ಈ ಒಂದೇ ಅಳತೆ ಇಟ್ಟುಕೊಳ್ಳಿ. ಪೋಸ್ಟಿನ ಹೆಸರು, ಯೂನಿಟ್, ಗ್ರಿಡ್ ಅಂಕಿ, ಎತ್ತರ, ದಿಕ್ಕು, ನಕ್ಷೆ ಯಾವುದೂ ಬೇಡ. ಜಾಗಕ್ಕೆ ‘ಅ’, ‘ಆ’ ಎಂದರೆ ಸಾಕು. ಗಡಿಯಾರದ ಹೊತ್ತನ್ನೂ ಬರೆಯಬೇಡಿ. ದಿನವೂ ಅದೇ ಹೊತ್ತಿಗೆ ಬಿದ್ದ ಟಿಪ್ಪಣಿಗಳನ್ನು ಸಾಲಾಗಿ ಇಟ್ಟರೆ ನಿಮ್ಮ ಡ್ಯೂಟಿ ಬದಲಾಗುವ ವೇಳೆ ತಾನಾಗಿ ಹೊರಬೀಳುತ್ತದೆ. ‘ಬೆಳಿಗ್ಗೆ, 20 ನಿಮಿಷ’ ಎಂದರೆ ಪಕ್ಷಿಶಾಸ್ತ್ರಕ್ಕೆ ಧಾರಾಳ. ಎಷ್ಟು ನಿಮಿಷ ನೋಡಿದಿರಿ ಎಂಬುದನ್ನು ಮಾತ್ರ ಯಾವತ್ತೂ ಬಿಡಬೇಡಿ. ಅದಿಲ್ಲದೆ ಹೋದರೆ ಇವತ್ತಿನ ಎಣಿಕೆಯನ್ನು ನಾಳೆಯದರ ಜೊತೆ ಹೋಲಿಸಲಾಗದು. ಏನೂ ಕಾಣದ ದಿನ ‘0’ ಎಂದು ಬರೆಯಿರಿ, ಖಾಲಿ ಬಿಡಬೇಡಿ.

ಫೋನಿಗೆ ನಿಷೇಧವಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೂ ಇ-ಬರ್ಡ್, ಮರ್ಲಿನ್‌ನಂಥ ಹಕ್ಕಿ ಗುರುತಿಸುವ, ದಾಖಲಿಸುವ ಆ್ಯಪ್‌ಗಳನ್ನು ಅಲ್ಲಿ ತೆರೆಯಬೇಡಿ, ಅವು ಜಾಗದ ಗುರುತು ಇಟ್ಟುಕೊಳ್ಳುತ್ತವೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪಿನ ನಕ್ಷೆಯಲ್ಲಿ ಸೈನಿಕರು ಓಡಿದ ಜಾಡು ಹೊಳೆದು ಹಲವು ಸೇನಾ ನೆಲೆಗಳ ಆಕಾರವೇ ಜಗತ್ತಿಗೆ ಕಂಡದ್ದು 2018ರ ಜನವರಿಯಲ್ಲಿ. ಹಕ್ಕಿಯ ಫೋಟೊ ಹಿಂದಿನ ಬೆಟ್ಟದ ಸಾಲು ಕೂಡ ಬಲ್ಲವನಿಗೆ ವಿಳಾಸ ಹೇಳುತ್ತದೆ.

ಇನ್ನೊಂದು, ಕಾಣದ್ದನ್ನು ಬರೆಯಬೇಡಿ. ಬ್ರಿಟಿಷ್ ಸೇನೆಯ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ ಹೆಸರಾಂತ ಪಕ್ಷಿತಜ್ಞ ಅನ್ನಿಸಿಕೊಂಡಿದ್ದವರು. ತೀರಿಕೊಂಡ ಮೇಲೆ ನೋಡಿದರೆ ಮ್ಯೂಸಿಯಮ್ಮಿನಿಂದ ಕದ್ದ ಹಕ್ಕಿಗಳಿಗೆ ಸುಳ್ಳು ಚೀಟಿ ಕಟ್ಟಿದ್ದು ಬಯಲಾಯಿತು. ಫಾರೆಸ್ಟ್ ಔಲೆಟ್ ಎಂಬ ನಮ್ಮ ಅಪರೂಪದ ಗೂಬೆಯನ್ನು 1914ರಲ್ಲಿ ಗುಜರಾತಿನಲ್ಲಿ ಹಿಡಿದೆ ಎಂಬುದೂ ಅಂಥದ್ದೇ. ಆ ಚೀಟಿಯನ್ನು ಬದಿಗಿಟ್ಟು ಹಳೆಯ ನಿಜವಾದ ದಾಖಲೆಗಳ ಜಾಡು ಹಿಡಿದ ಮೇಲೆಯೇ 1997ರಲ್ಲಿ ಗೂಬೆ ಮಹಾರಾಷ್ಟ್ರದಲ್ಲಿ ಮತ್ತೆ ಸಿಕ್ಕಿದ್ದು. ಅನುಮಾನವಿದ್ದರೆ ‘ಕಂದು, ಗುಬ್ಬಿಗಿಂತ ದೊಡ್ಡದು, ಹೆಸರು ತಿಳಿಯದು’ ಎಂದು ಬರೆಯಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ಗುರುತು ಹಿಡಿಯುವುದು

ಕಪ್ಪು ಹಕ್ಕಿ ಕಂಡರೆ ಕೊಕ್ಕು ನೋಡಿ. ಬಾಗಿದ ಕೆಂಪು ಕೊಕ್ಕಾದರೆ ಕೆಂಪು ಕೊಕ್ಕಿನ ಚಫ್ (ಕಾಗೆಯ ನಂಟ), ಗಿಡ್ಡ ಹಳದಿ ಕೊಕ್ಕಾದರೆ ಹಳದಿ ಕೊಕ್ಕಿನ ಚಫ್. ದಪ್ಪ ಕಪ್ಪು ಕೊಕ್ಕಿದ್ದು, ಹಾರುವಾಗ ಬಾಲ ಬೆಣೆಯಂತೆ ಕಂಡರೆ ರೇವನ್ ಎಂಬ ದೊಡ್ಡ ಕಾಗೆ. ಪಾರಿವಾಳ ನಮ್ಮೂರಿನದೇ ಅನ್ನಿಸಿದರೆ ಬಾಲ ಬಿಚ್ಚುವವರೆಗೆ ಕಾಯಿರಿ. ಬಾಲದ ನಡುವೆ ಅಗಲವಾದ ಬಿಳಿ ಪಟ್ಟಿ ಇದ್ದರೆ ಅದು ಬೆಟ್ಟದ ಪಾರಿವಾಳ.

ದೊಡ್ಡ ಹದ್ದುಗಳಲ್ಲಿ ಎಡವುವುದು ಗಾತ್ರದಲ್ಲಿ. ಬರೀ ಆಕಾಶದ ಹಿನ್ನೆಲೆಯಲ್ಲಿ ಕಣ್ಣು ಮೋಸಹೋಗುತ್ತದೆ. ಇಲ್ಲಿ ನಿಮ್ಮ ತರಬೇತಿಯೇ ಕೈಹಿಡಿಯುತ್ತದೆ: ಸಾವಿರ ಮೀಟರ್ ದೂರದಲ್ಲಿ ಒಂದು ಮಿಲ್ (ಕೋನದ ಅಳತೆ) ಎಂದರೆ ಒಂದು ಮೀಟರ್. ದೂರ ಗೊತ್ತಿರುವ ಬಂಡೆಯ ಪಕ್ಕ, 500 ಮೀಟರಿನಲ್ಲಿ ಹಾದುಹೋದ ಹಕ್ಕಿಯ ಬಿಚ್ಚಿದ ರೆಕ್ಕೆಗಳು ತುದಿಯಿಂದ ತುದಿಗೆ ಗ್ರಾಟಿಕ್ಯೂಲಿನಲ್ಲಿ (ಗಾಜಿನೊಳಗಿನ ಅಳತೆಗೆರೆ) 5 ಮಿಲ್ ತುಂಬಿದರೆ ಅದು ಎರಡೂವರೆ ಮೀಟರ್. ಆಗ ಬಾಲ ನೋಡಿ. ಉದ್ದಕ್ಕೆ ಚೂಪಾಗಿದ್ದರೆ ಗಡ್ಡದ ರಣಹದ್ದು, ಗಿಡ್ಡವಾಗಿ ಮೊಂಡಾಗಿದ್ದರೆ ಹಿಮಾಲಯದ ರಣಹದ್ದು. ಲೆಕ್ಕ ಮನಸ್ಸಿನಲ್ಲೇ ಇರಲಿ, ದೂರದ ಅಂಕಿ ನೋಟ್‌ಬುಕ್ಕಿಗೆ ಹೋಗಬಾರದು.

ಒಂದು ಜೋಡಿಯನ್ನು ಹಿಡಿದು ಕೂರುವುದು

ಇದೇ ನಿಜವಾದ ಕೆಲಸ. ಬಕ್ಸ್‌ಟನ್ ನೋಡಿದ ಹಕ್ಕಿಯ ಹತ್ತಿರದ ನಂಟ ಬ್ಲ್ಯಾಕ್ ರೆಡ್‌ಸ್ಟಾರ್ಟ್. ಬೇಸಿಗೆಯಲ್ಲಿ ಲಡಾಖಿನ ಕಲ್ಲುಗೋಡೆಗಳ ಸಂದಿಯಲ್ಲಿ ಗೂಡು ಕಟ್ಟುತ್ತದೆ, ಚಳಿಗಾಲಕ್ಕೆ ನಮ್ಮ ಬಯಲುಸೀಮೆಯ ಊರುಗಳಿಗೂ ಇಳಿಯುತ್ತದೆ. ಗಂಡಿಗೆ ಕಪ್ಪು ಎದೆ, ಇಟ್ಟಿಗೆಗೆಂಪು ಹೊಟ್ಟೆ. ಹೆಣ್ಣು ಮಣ್ಣುಬಣ್ಣ. ಕೂತಲ್ಲೇ ಕೆಂಪು ಬಾಲವನ್ನು ತಂತಿ ಮೀಟಿದಂತೆ ನಡುಗಿಸುತ್ತವೆ, ಆಮೇಲೆ ಮೈಯನ್ನು ಒಮ್ಮೆ ಬಗ್ಗಿಸಿ ಏಳುತ್ತವೆ.

ಬಾಯಲ್ಲಿ ಹುಲ್ಲು, ಕೂದಲು ಹಿಡಿದು ಒಂದೇ ಸಂದಿಗೆ ಹೋಗುವ ಹೆಣ್ಣು ಕಂಡರೆ ಆ ಗೋಡೆಯಿಂದ 15 ಮೀಟರಾದರೂ ದೂರ ಒಂದು ಕೂರುವ ಜಾಗ ಗೊತ್ತುಮಾಡಿ. ದಿನವೂ ಅಲ್ಲೇ ಕೂರಿ. ಕಾವು ಸುಮಾರು ಎರಡು ವಾರ. ಕೂರುವುದು ಹೆಣ್ಣೊಂದೇ, ಹಾಗಾಗಿ ಅದು ಎಷ್ಟು ನಿಮಿಷ ಹೊರಗಿತ್ತು ಎಂದು ಬರೆಯಿರಿ. ಮರಿ ಒಡೆದ ಮೇಲೆ ಗಂಡೂ ಉಣಿಸುತ್ತದೆ. ಆಗ ಪುಟಕ್ಕೆ ಎರಡು ಕಾಲಂ ಗೆರೆ ಹೊಡೆದು, ಗಂಡು ಬಂದರೆ ಎಡಕ್ಕೆ, ಹೆಣ್ಣು ಬಂದರೆ ಬಲಕ್ಕೆ ಒಂದು ಗೀಟು. ಒಂದು ಗಂಟೆಯಾದ ಮೇಲೆ ಎಣಿಸಿ. ಗಾಳಿ, ಹಿಮ ಇದ್ದರೆ ಪಕ್ಕದಲ್ಲಿ ಒಂದೊಂದು ಅಕ್ಷರ.

ಹಕ್ಕಿ ಬಾಯಲ್ಲಿ ಹುಳ ಹಿಡಿದು, ಗೂಡಿಗೆ ಹೋಗದೆ ಕಲ್ಲಿಂದ ಕಲ್ಲಿಗೆ ಹಾರುತ್ತ ‘ಟಕ್ ಟಕ್’ ಎನ್ನುತ್ತಿದ್ದರೆ ನೀವು ತೀರ ಹತ್ತಿರ ಇದ್ದೀರಿ. ಐದು ನಿಮಿಷದಲ್ಲಿ ಒಳಗೆ ಹೋಗದಿದ್ದರೆ ಎದ್ದು ಹಿಂದೆ ಸರಿಯಿರಿ, ಮರಿ ಉಪವಾಸ ಬೀಳುವುದು ಹೀಗೆ. ಸಂದಿಗೆ ಟಾರ್ಚ್ ಬಿಟ್ಟು ಇಣುಕಬೇಡಿ. ಗೂಡು ಬೇಲಿಯಾಚೆ ಇದ್ದರೆ ಅದನ್ನು ಮರೆತುಬಿಡಿ. ಹಿಮ ಕರಗುವಾಗ ನೆಲಬಾಂಬುಗಳು ಜಾಗ ಬದಲಿಸುತ್ತವೆ, ನಿನ್ನೆಯ ದಾರಿ ಇವತ್ತಿನ ದಾರಿಯಲ್ಲ.

ಹೀಗೆ ಕೂತವರಿಗೆ ಹಕ್ಕಿಗಳ ನೆಮ್ಮದಿಯ ಸದ್ದು ಯಾವುದು, ಗಾಬರಿಯ ಸದ್ದು ಯಾವುದು ಎಂದು ತಿಳಿಯುತ್ತದೆ. ಚಕೋರಗಳ ಗುಂಪು ಇಳಿಜಾರಿನಿಂದ ಒಮ್ಮೆಗೇ ಬುರ್ರೆಂದು ಎದ್ದರೆ ಕೆಳಗೆ ಏನೋ ಓಡಾಡಿದೆ. ನರಿಯೇ ಇರಬಹುದು, ಆದರೂ ಸೆಂಟ್ರಿಗೆ ತಿಳಿಸಿ.

ಲಂಗರಿನ ಕಸ

ಉಳಿದ ರೊಟ್ಟಿ ಎಸೆದರೆ ಚಫ್‌ಗಳು ಕಾಲಬುಡಕ್ಕೆ ಬರುತ್ತವೆ, ನೋಡಲು ಹಿತವಾಗಿರುತ್ತದೆ. ಅವುಗಳ ಹಿಂದೆಯೇ ನಾಯಿಗಳೂ ಬರುತ್ತವೆ. ಆಮೇಲೆ ಅವೇ ನಾಯಿಗಳು ಜೌಗಿಗೆ ಇಳಿದು ಕಪ್ಪು ಕೊರಳಿನ ಕೊಕ್ಕರೆಯ ಮೊಟ್ಟೆ, ಮರಿ ತಿನ್ನುತ್ತವೆ. ಲಡಾಖಿನ ರಾಜ್ಯಪಕ್ಷಿಯಾದ ಈ ಹಕ್ಕಿ ಭಾರತದಲ್ಲಿ ಮರಿ ಮಾಡುವ ಜಾಗಗಳು ಬೆರಳೆಣಿಕೆಯವು. ಹಾಗಾಗಿ ಊಟದ ಕಸವನ್ನು ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ ಕೆಳಗೆ ಕಳಿಸಲು ಲಂಗರಿನ ಹವಾಲ್ದಾರರನ್ನು ಒಪ್ಪಿಸಿ. ಹಕ್ಕಿಗಳಿಗಾಗಿ ಪೋಸ್ಟಿನಲ್ಲಿ ಮಾಡಬಹುದಾದ ಅತಿ ದೊಡ್ಡ ಕೆಲಸ ಇದೇ.

ಊರಿಗೆ ಬಂದ ಮೇಲೆ

ನೋಟ್‌ಬುಕ್ ಅಧಿಕಾರಿಗೆ ತೋರಿಸಿ, ಒಪ್ಪಿದ ಪುಟಗಳನ್ನಷ್ಟೇ ತನ್ನಿ. ಇ-ಬರ್ಡಿಗೆ ಏರಿಸುವುದಾದರೂ ಅವರ ಒಪ್ಪಿಗೆ ಬೇಕು, ಜಾಗ ಜಿಲ್ಲೆಯ ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ರಜೆ ನವೆಂಬರಿನಿಂದ ಮಾರ್ಚಿನ ಒಳಗೆ ಸಿಕ್ಕರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಲಡಾಖಿನ ಸರೋವರಗಳಲ್ಲಿ ಬೇಸಿಗೆಯಲ್ಲಿ ಕಂಡ ಜಾತಿಯ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ನೀರಿನ ಮೇಲೆ ಇರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇದ್ದರೆ ಬೆಳೆದದ್ದು, ಪಟ್ಟೆಯಿಲ್ಲದೆ ನೆತ್ತಿ ಬರೀ ಮಸಕಾಗಿದ್ದರೆ ಅದೇ ವರ್ಷದ ಮರಿ. ನೂರು ಹಕ್ಕಿಗಳಲ್ಲಿ ಮರಿ ಎಷ್ಟು ಎಂದು ಎಣಿಸಿದರೆ ಆ ವರ್ಷ ಉತ್ತರದಲ್ಲಿ ಗೂಡು ಹೇಗೆ ನಡೆಯಿತು ಎಂದು ತಿಳಿಯುತ್ತದೆ. ಕೊರಳಲ್ಲಿ ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ಅಂಕಿ ಮೂರನ್ನೂ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ಮೈಸೂರಿನ ಕಡೆಯ ಕೆರೆಗಳಲ್ಲಿ ಕಂಡಿವೆ. ಇಲ್ಲಿ ಜಾಗ, ಹೊತ್ತು, ದಿಕ್ಕು ಎಲ್ಲವನ್ನೂ ಧೈರ್ಯವಾಗಿ ಬರೆಯಬಹುದು.