ಟೇಬಲ್ ಸಾಗೆ ನಾನೇ ಮಾಡಿಕೊಂಡ ಫೆನ್ಸ್

ಹಲಗೆ ಸೀಳಿದರೆ ಒಂದು ತುದಿ 50 ಮಿ.ಮೀ., ಇನ್ನೊಂದು 48. ನನ್ನ ಅಗ್ಗದ ಟೇಬಲ್ ಸಾ (ಮೇಜಿನ ನಡುವಿನಿಂದ ಬ್ಲೇಡ್ ಮೇಲೆದ್ದಿರುವ ಗರಗಸ) ಜೊತೆ ಬಂದ ಫೆನ್ಸ್‌ನದೇ, ಅಂದರೆ ಹಲಗೆಯನ್ನು ಒತ್ತಿ ಹಿಡಿದು ನೇರವಾಗಿ ತಳ್ಳುವ ಆಸರೆ ಪಟ್ಟಿಯದೇ ತಕರಾರು. ಬಿಗಿ ಮಾಡುವಾಗ ಹಿಂದಿನ ತುದಿ ಬ್ಲೇಡಿನ ಕಡೆಗೆ ಸರಿಯುತ್ತಿತ್ತು. ಅಳತೆ ತಪ್ಪೋದು ಬಿಡಿ, ಮರ ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಂಡು ನಮ್ಮ ಮೇಲೇ ಚಿಮ್ಮುತ್ತದೆ. ಒಮ್ಮೆ ಹೊಟ್ಟೆಗೆ ಬಡಿದ ಮೇಲೆ ಬುದ್ಧಿ ಬಂತು.

ಗುಜರಿಯಲ್ಲಿ ಎಲ್ ಆಂಗಲ್, ಚೌಕದ ಪೈಪ್ ಸಿಕ್ಕಿದವು. ಟೇಬಲ್ಲಿನ ಮುಂದೆ ಆಂಗಲ್ ಬೋಲ್ಟ್ ಮಾಡಿ, ಅದರ ಮೇಲೆ ಪೈಪ್ ಕೂರಿಸಿದೆ. ಅದೇ ಹಳಿ. ಹಿಂದೆ ಇನ್ನೊಂದು ಆಂಗಲ್, ಫೆನ್ಸ್ ಅದರ ಮೇಲೆ ಸುಮ್ನೆ ಜಾರುತ್ತದೆ. ಹಿಡಿತವೆಲ್ಲ ಮುಂದೆ ಮಾತ್ರ.

ಫೆನ್ಸ್ ಟಿ ಆಕಾರದ್ದು. ಎಡವಿದ್ದು ಇಲ್ಲೇ. ಮೂಲೆಮಟ್ಟ ಇಟ್ಟು ನೋಡಿಯೇ ವೆಲ್ಡಿಂಗ್ ಮಾಡಿಸಿದ್ದೆ. ಆದರೆ ಕಬ್ಬಿಣ ಆರುವಾಗ ಎಳೆದುಕೊಳ್ಳುತ್ತದೆ ಅಲ್ವಾ, ಮತ್ತೆ ಸೊಟ್ಟ! ಕೊನೆಗೆ ಅಡ್ಡಪಟ್ಟಿಗೆ ಎರಡು ತೂತು ಕೊರೆದು, ಟ್ಯಾಪ್ ಹೊಡೆಸಿ (ಒಳಗೆ ಥ್ರೆಡ್ ಕೊರೆಸಿ), ಎಂ6 ಅಂದರೆ 6 ಮಿ.ಮೀ. ದಪ್ಪದ ಬೋಲ್ಟ್ ಹಾಕಿದೆ. ಬೋಲ್ಟಿನ ತುದಿ ಹಳಿಗೆ ಒತ್ತುತ್ತದೆ. ಒಂದನ್ನು ಚೂರು ತಿರುಗಿಸಿದರೆ ಫೆನ್ಸ್ ನೇರವಾಗುತ್ತದೆ. ಅಲುಗಾಡದಂತೆ ಮೇಲೊಂದು ನಟ್.

ಹೊಂದಿಸುವ ಮುಂಚೆ ಪ್ಲಗ್ ಕಿತ್ತಿಡಿ. ಮೊದಲು ಬ್ಲೇಡ್ ಟೇಬಲ್ಲಿನ ಮೇಲಿರುವ ಉದ್ದನೆಯ ತೋಡಿಗೆ (ಮೈಟರ್ ಸ್ಲಾಟ್) ಸಮಾನಾಂತರವಾಗಿದೆಯಾ ನೋಡಬೇಕು. ಒಂದು ಹಲ್ಲಿಗೆ ಗುರುತು ಹಾಕಿ, ಅದನ್ನೇ ಮುಂದೆ, ಹಿಂದೆ ತಿರುಗಿಸಿ ಅಳೆದೆ. ಆಮೇಲೆ ಅದೇ ತೋಡಿಗೆ ಫೆನ್ಸ್ ಹೊಂದಿಸಿದೆ. ಮರ ಸಿಕ್ಕಿಕೊಳ್ಳದಿರಲಿ ಅಂತ ಹಿಂದಿನ ತುದಿಯನ್ನು ಮಾತ್ರ ಬ್ಲೇಡಿನಿಂದ ಒಂದು ಕಾಗದದಷ್ಟು ಆಚೆಗೇ ಬಿಟ್ಟಿದ್ದೇನೆ.

ಈಗ ನಾಲ್ಕಡಿ ಹಲಗೆ ಎರಡೂ ತುದಿಯಲ್ಲಿ ಒಂದೇ ಅಳತೆ. ಹಳಿಗೆ ಮೇಣ ಉಜ್ಜಿದರೆ ಇನ್ನೂ ಸಲೀಸು. ಅಳತೆ ಪಟ್ಟಿ ಅಂಟಿಸೋದು ಮಾತ್ರ ಇನ್ನೂ ಬಾಕಿ.